ಕೇಳಿದ್ದಕ್ಕಷ್ಟೇ ಉತ್ತರ

ಭಾನುವಾರ, ಮಾರ್ಚ್ ೧೨

ಪ್ರೀತಿಯ ಮಗನಿಗೆ,

ಹೇಗಿದ್ದೀಯಾ ಮರಿ? ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ದಿನಾ ಬೆಳಿಗ್ಗೆ ಪೆನ್ನು ಹಿಡಿದು ಕೂರುತ್ತೇನೆ, ನಾಲ್ಕು ಸಾಲು ಬರೆಯುವಷ್ಟರಲ್ಲಿ ಯಾರಾದರೂ ಕದ ತಟ್ಟುತ್ತಾರೆ. ನಿಮ್ಮಪ್ಪ ಬದುಕಿದ್ದಾಗ ಬರುತ್ತಿದ್ದವರಿಗಿಂತ ಈಗ ಬರುವವರೇ ಹೆಚ್ಚು. ಬಂದವರೆಲ್ಲ ಬಾಗಿಲಲ್ಲೇ ಅಳಲು ಶುರು ಮಾಡುತ್ತಾರೆ. ನಾನು ಅವರನ್ನು ಒಳಗೆ ಕೂರಿಸಿ, ಚಹಾ ಮಾಡಿ ಕೊಟ್ಟು, ಸಮಾಧಾನ ಹೇಳಿ ಕಳಿಸಬೇಕು. ಗಂಡ ಸತ್ತಿದ್ದು ನನಗೋ ಅವರಿಗೋ ಎಂದು ಒಮ್ಮೊಮ್ಮೆ ನನಗೇ ಗೊಂದಲವಾಗುತ್ತದೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯಾ. ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹ್ಞೂಂ’, ‘ಊಹ್ಞೂಂ’ ಬಿಟ್ಟು ಮೂರನೆಯ ಮಾತು ಆಡುವವನಲ್ಲ. ನಾನೂ ನಿನ್ನ ದನಿ ಕೇಳಿದ ತಕ್ಷಣ ಹೇಳಬೇಕಾದ್ದನ್ನು ಬಿಟ್ಟು ಊಟ ಮಾಡಿದೆಯಾ ಎಂದು ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ.

ಮೊದಲು ಮನೆಯ ಸುದ್ದಿ. ನನ್ನ ಮಂಡಿ ಹಾಗೇ ಇದೆ, ಮೆಟ್ಟಿಲು ಇಳಿಯುವಾಗ ಬೈಯುತ್ತೇನೆ, ಹತ್ತುವಾಗಲೂ ಬೈಯುತ್ತೇನೆ. ಅಡುಗೆಮನೆಯ ನಲ್ಲಿ ಸೋರುತ್ತಿದೆ. ನಿನ್ನ ತಂಗಿ ವಾರಕ್ಕೊಮ್ಮೆ ಬಂದು, ಬಟ್ಟೆಯ ಚೂರು ಕಟ್ಟಿ ಹೋಗುತ್ತಾಳೆ, ಅದು ಮಾರನೆಯ ದಿನ ಮತ್ತೆ ಸೋರುತ್ತದೆ. ಸ್ಕೂಲಿನಲ್ಲಿ ಅಷ್ಟೊಂದು ಮಕ್ಕಳನ್ನು ಸುಮ್ಮನೆ ಕೂರಿಸುವವಳಿಗೆ ಒಂದು ನಲ್ಲಿಯನ್ನು ಸುಮ್ಮನಿರಿಸಲು ಬರುವುದಿಲ್ಲ. ನೀನಿದ್ದಿದ್ದರೆ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಗಾಡಿ ರಿಪೇರಿ ಮಾಡುವವನ ಕೈಗೆ ಇದೆಲ್ಲ ಎಷ್ಟರದು!

ಹೋದ ತಿಂಗಳು ವಕೀಲರ ಸಂಘದ ಅಧ್ಯಕ್ಷರು ಬಂದಿದ್ದರು. ಕೋರ್ಟಿನ ಲೈಬ್ರರಿಯಲ್ಲಿ ನಿಮ್ಮಪ್ಪನ ಫೋಟೋ ಹಾಕುತ್ತಾರಂತೆ. ಕರಿ ಕೋಟಿನಲ್ಲಿರುವ ಒಂದು ಒಳ್ಳೆಯ ಫೋಟೋ ಬೇಕು ಎಂದರು. ಆಲ್ಬಮ್ಮುಗಳನ್ನೆಲ್ಲ ಕೆಳಗೆ ಇಳಿಸಿ ಹುಡುಕಿದೆ. ಒಂದರಲ್ಲಿ ಬನಿಯನ್ನು ಹಾಕಿಕೊಂಡು ಫ್ಯಾನು ಬಿಚ್ಚುತ್ತಿದ್ದಾರೆ. ಒಂದರಲ್ಲಿ ನಿನ್ನ ತಂಗಿಗೆ ಜಡೆ ಹೆಣೆಯುತ್ತಿದ್ದಾರೆ, ಬಾಯಲ್ಲಿ ಹೇರ್‌ಪಿನ್ನು. ಇನ್ನೊಂದರಲ್ಲಿ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದಾರೆ, ಅವರ ಮುಖವೆಲ್ಲ ನಿನ್ನ ಕಾಲಿನ ಹಿಂದೆ. ಕೋಟಿನಲ್ಲಿರುವುದು ಒಂದೂ ಇಲ್ಲ. ಅಧ್ಯಕ್ಷರು ಪಾಪ, ಆ ಫ್ಯಾನಿನ ಫೋಟೋವನ್ನೇ ತೆಗೆದುಕೊಂಡು ಹೋದರು. ಮುಖ ಮಾತ್ರ ಕತ್ತರಿಸಿ ಕೋಟು ಅಂಟಿಸುತ್ತಾರಂತೆ. ಏನೇನು ಬರುತ್ತದೆ ಈಗಿನ ಕಾಲದಲ್ಲಿ!

ಫೋಟೋ ಹಾಕುವ ದಿನದ ಕಾರ್ಯಕ್ರಮದಲ್ಲಿ ಓದುವ ನಾಲ್ಕು ಮಾತನ್ನೂ ಬರೆದು ತಂದಿದ್ದರು. ‘ದನಿಯಿಲ್ಲದವರ ದನಿ, ಬಡವರ ವಕೀಲ, ಆದರ್ಶ ಪತಿ, ಆದರ್ಶ ತಂದೆ.’

“ಸರಿಯಾಗಿದೆಯಾ ನೋಡಿ ಅಮ್ಮ” ಎಂದರು.

“ಕಾಗುಣಿತ ಸರಿಯಾಗಿದೆ” ಎಂದೆ.

ಅವರಿಗೆ ಗೊತ್ತಾಗಲಿಲ್ಲ, ನಕ್ಕುಕೊಂಡು ಮಡಚಿ ಜೇಬಿಗಿಟ್ಟುಕೊಂಡರು. ನಿನ್ನ ತಂಗಿ ಮಾತ್ರ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಮನೆಯವರ ಪರವಾಗಿ ಅವಳೇ ಮಾತಾಡುವವಳು. ‘ಅಣ್ಣ ಬರದೆ ನಾನು ಆ ಸ್ಟೇಜ್ ಹತ್ತಲ್ಲ’ ಎಂದು ಹಟ ಹಿಡಿದು ಕೂತಿದ್ದಾಳೆ. ನೀನೋ, ‘ನಾನು ಬರಲ್ಲ. ಅಪ್ಪ ಕೊನೇಲಿ ನನ್ನನ್ನ ಕೇಳಲಿಲ್ಲ ಅಂತ ನೀನೇ ಹೇಳಿದೆ’ ಎಂದು ಎರಡು ಸಾಲು ಬರೆದು ಕಳಿಸಿದ್ದೀಯಾ. ನಿಮ್ಮಿಬ್ಬರ ಮಧ್ಯೆ ನಾನು. ಹಟ ಯಾರ ಕಡೆಯಿಂದ ಬಂತೆಂದು ಕೇಳಬೇಡ.

ಆದರ್ಶ ತಂದೆ ಎನ್ನುವ ಮಾತು ಸುಳ್ಳು ಎಂದು ನಾನು ಹೇಳುತ್ತಿಲ್ಲ ಮರಿ. ಅದೇ ನನ್ನ ಸಂಕಟ. ಸುಳ್ಳಾಗಿದ್ದರೆ ಸುಲಭವಿತ್ತು, ಬೈದುಕೊಂಡು ಇದ್ದುಬಿಡುತ್ತಿದ್ದೆ.

ಅವರ ಆಫೀಸು ನಿನಗೆ ನೆನಪಿರಬೇಕು. ಕೋರ್ಟಿನ ಹಿಂದೆ, ಜೆರಾಕ್ಸ್ ಅಂಗಡಿಯ ಪಕ್ಕ, ಒಂದೇ ಕಿಟಕಿಯ ಕೋಣೆ. ವಕೀಲರನ್ನು ಇಟ್ಟುಕೊಳ್ಳಲು ಗತಿಯಿಲ್ಲದವರಿಗೆ ಸರ್ಕಾರ ಕೊಡುವ ವಕೀಲರು ಇವರು. ಹೊರಗಿನ ಬೆಂಚಿನ ಮೇಲೆ ಬೆಳಿಗ್ಗೆಯಿಂದಲೇ ಜನ ಒತ್ತೊತ್ತಾಗಿ ಕೂತಿರುತ್ತಿದ್ದರು. ಒಬ್ಬೊಬ್ಬರನ್ನೇ ಒಳಗೆ ಕರೆದು ಕೂರಿಸಿ ಇವರು ಮೊದಲು ಮಾಡುತ್ತಿದ್ದ ಕೆಲಸ ಕೈಯಿಂದ ವಾಚು ಬಿಚ್ಚುವುದು. ಬಿಚ್ಚಿ, ಮೇಜಿನ ಡ್ರಾಯರಿನಲ್ಲಿಟ್ಟು, ಡ್ರಾಯರು ಮುಚ್ಚಿ, ಆಮೇಲೆ ‘ಹೇಳಿ ತಾಯಿ, ನಿಧಾನಕ್ಕೆ ಹೇಳಿ’ ಎನ್ನುವರು. ಗಡಿಯಾರ ನೋಡುವ ಮನುಷ್ಯನ ಮುಂದೆ ಯಾರೂ ನಿಜ ಹೇಳುವುದಿಲ್ಲ ಎನ್ನುವುದು ಅವರ ನಂಬಿಕೆ. ಹೀಗೆ ಬಿಚ್ಚಿಟ್ಟು ಮರೆತು ಮನೆಗೆ ಬಂದ ದಿನಗಳಿಗೆ ಲೆಕ್ಕವೇ ಇಲ್ಲ. ಆದರೆ ವಾಚಿಲ್ಲದೆಯೂ ಸಂಜೆ ನೀವಿಬ್ಬರು ಸ್ಕೂಲಿನಿಂದ ಹೊರಬರುವ ಹೊತ್ತಿಗೆ ಗೇಟಿನಲ್ಲಿ ನಿಂತಿರುತ್ತಿದ್ದರು. ಮಳೆಯಲ್ಲೂ, ಜ್ವರವಿದ್ದಾಗಲೂ. ನಿಮ್ಮ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದವರು ಅವರು, ಶೂಗೆ ಪಾಲಿಶ್ ಹಾಕುತ್ತಿದ್ದವರು ಅವರು. ನಾನು ಅಷ್ಟು ಮಾಡಿದವಳಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ.

ಊಟದ ಮೇಜಿನ ಕೋರ್ಟು ಮರೆಯಲು ಸಾಧ್ಯವೇ! ಮಾರನೆಯ ದಿನ ಯಾವುದಾದರೂ ವಿಚಾರಣೆ ಇದ್ದರೆ ಹಿಂದಿನ ಸಂಜೆ ನಮ್ಮ ಮನೆಯಲ್ಲಿ ಅದರ ತಾಲೀಮು. ನಿನ್ನ ತಂಗಿ ಎತ್ತರದ ಸ್ಟೂಲಿನ ಮೇಲೆ ಸೌಟು ಹಿಡಿದು ಕೂರುವಳು, ಅವಳು ಜಡ್ಜಮ್ಮ. ನಾನು ಸರ್ಕಾರದ ಕಡೆ. ನನ್ನನ್ನು ‘ಎದುರು ವಕೀಲರೇ’ ಎಂದೇ ಕರೆಯುತ್ತಿದ್ದರು, ಸಂತೆಗೆ ಹೋದಾಗಲೂ. ನೀನು ಯಾವಾಗಲೂ ಸಾಕ್ಷಿ. “ಏ ಸಾಕ್ಷಿ, ಬಾರೋ ಇಲ್ಲಿ” ಎಂದರೆ ಪುಸ್ತಕ ಎಸೆದು ಓಡಿ ಬರುತ್ತಿದ್ದೆ. ಎದೆ ಸೆಟೆದು ನಿಂತು, ಮೇಜಿನ ಮೇಲೆ ಕೈಯಿಟ್ಟು ಆಣೆ ಮಾಡಿ, ಅವರು ಕಲಿಸಿದ ಪಾಠ ಒಪ್ಪಿಸುತ್ತಿದ್ದೆ.

“ಸಾಕ್ಷಿಯ ಮೊದಲನೇ ಧರ್ಮ ಏನು?”

“ಕೇಳಿದ್ದಕ್ಕಷ್ಟೇ ಉತ್ತರ.”

“ಗೊತ್ತಿಲ್ಲದಿದ್ರೆ?”

“ಗೊತ್ತಿಲ್ಲ ಅನ್ನೋದು.”

“ಗೊತ್ತಿದ್ದು, ಯಾರೂ ಕೇಳದಿದ್ರೆ?”

“ಬಾಯಿಗೆ ಬೀಗ. ಕೇಳಿಸೋದು ವಕೀಲರ ಕೆಲಸ.”

ಆಗ ಅವರು ನಿನ್ನ ತಲೆ ಸವರಿ, “ಇಂಥಾ ಸಾಕ್ಷಿ ಇಡೀ ಕೋರ್ಟಲ್ಲಿ ಸಿಗಲ್ಲ” ಎಂದು ಉಬ್ಬಿ ಹೋಗುತ್ತಿದ್ದರು. ನಾನು ಮಧ್ಯದಲ್ಲಿ, “ಅನ್ನ ಆರ್ತಾ ಇದೆ ಸ್ವಾಮೀ” ಎಂದರೆ ಜಡ್ಜಮ್ಮ ಸೌಟು ಬಡಿದು, “ಎದುರು ವಕೀಲರು ಸುಮ್ನಿರಬೇಕು” ಎನ್ನುವಳು. ಎಷ್ಟು ನಗುತ್ತಿದ್ದೆವು! ಆ ನಗು ಮುಂದೊಂದು ದಿನ ನಿನ್ನ ಕೊರಳಿಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು.

ನಿನಗೆ ಬೇಡದ ಮಾತಿಗೆ ಬಂದೆ. ಕಾಗದ ಮಡಚಿಟ್ಟುಬಿಡಬೇಡ, ಇಷ್ಟು ಓದಿದವನು ಇನ್ನಷ್ಟು ಓದು.

ನೀನು ಕಾಲೇಜು ಮುಗಿಸಿ ಆ ಗೋದಾಮಿನ ವ್ಯಾನು ಓಡಿಸುತ್ತಿದ್ದ ದಿನಗಳು. ಇಳಿಜಾರಿನ ಅಂಗಳದಲ್ಲಿ ಹಿಂದಕ್ಕೆ ತರುವಾಗ ವ್ಯಾನು ನಿಲ್ಲಲಿಲ್ಲ. ಗೋಡೆಗೂ ವ್ಯಾನಿಗೂ ಮಧ್ಯೆ ಮೂಟೆ ಹೊರುವವನ ಕಾಲು ಸಿಕ್ಕಿಕೊಂಡಿತು. ಆಸ್ಪತ್ರೆಯಲ್ಲಿ ಅವನ ಕಾಲು ತೆಗೆದರು. ಅದೇ ಮಧ್ಯಾಹ್ನ ಅವನ ಹೆಂಡತಿ ಅತ್ತುಕೊಂಡು ಓಡಿ ಬಂದದ್ದು ಎಲ್ಲಿಗೆ? ಜೆರಾಕ್ಸ್ ಅಂಗಡಿಯ ಪಕ್ಕದ ಕೋಣೆಗೇ. ಇವರು ವಾಚು ಬಿಚ್ಚಿಟ್ಟು, ಅವಳ ಕಥೆಯೆಲ್ಲ ಕೇಳಿ, “ನಾನಿದ್ದೀನಿ ತಾಯಿ, ಹೆದರಬೇಡಿ” ಎಂದು ಮಾತು ಕೊಟ್ಟರು. ವ್ಯಾನು ಓಡಿಸಿದವನು ಯಾರೆಂದು ಅವಳಿಗೂ ಗೊತ್ತಿರಲಿಲ್ಲ, ಇವರಿಗೂ. ಅವಳು ಇನ್ನೂ ಕುರ್ಚಿಯಲ್ಲಿದ್ದಾಗಲೇ ಸ್ಟೇಷನ್ನಿನಿಂದ ಫೋನು ಬಂತು.

ಆಮೇಲೆ ಅವರು ಆಡಿದ ಮಾತು ನನಗೆ ಇವತ್ತಿಗೂ ಬಾಯಿಪಾಠ. ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ ಹೊಸಿಲಲ್ಲೇ ನಿಂತು ಹೇಳಿದರು. “ಒಬ್ಬರ ಕಥೆ ಪೂರ್ತಿ ಕೇಳಿದ ಮೇಲೆ ಅವರ ಎದುರಿಗೆ ನಿಲ್ಲೋ ಹಾಗಿಲ್ಲ. ಆಯಮ್ಮನ ಕೇಸು ಬಿಟ್ಟೆ. ಇವನ ಕೇಸೂ ನಾನು ಮುಟ್ಟಲ್ಲ. ಈ ಮನೇಲಿ ಆ ವಿಷಯದ ಒಂದು ಮಾತೂ ನನ್ನ ಕಿವಿಗೆ ಬೀಳಕೂಡದು.”

“ನೀವು ಬೇಡ, ನಿಮ್ಮ ಸ್ನೇಹಿತರಿಗೆ ಹೇಳಿ. ದೊಡ್ಡ ದೊಡ್ಡ ವಕೀಲರಿದ್ದಾರಲ್ಲ” ಎಂದೆ.

“ಬೆಂಚಿನ ಮೇಲೆ ಕೂರೋರಿಗೆ ಯಾರು ಸಿಗ್ತಾರೋ ಅವರೇ ನನ್ನ ಮಗನಿಗೂ ಸಿಗಲಿ. ಇವನಿಗೆ ಅಂತ ನಾನು ಇನ್ನೊಬ್ಬರ ಬಾಗಿಲು ತಟ್ಟಿದ್ರೆ ನಾಳೆ ಆ ಬೆಂಚಿನ ಮುಂದೆ ಹೇಗೆ ನಡೀಲಿ?”

ನಾನು ಬೈದೆ, ಅತ್ತೆ, ತಟ್ಟೆ ಕುಕ್ಕಿದೆ. ಅವರು ಕಲ್ಲಿನ ಹಾಗೆ ಕೂತಿದ್ದರು. ಯಾರ ಯಾರ ಮಕ್ಕಳಿಗೋ ಹಗಲಿಡೀ ಗಂಟಲು ಹರಿದುಕೊಳ್ಳುವ ಮನುಷ್ಯ ತನ್ನ ಮಗನಿಗೆ ಬಾಯಿ ಬಿಡುವುದಿಲ್ಲ ಎಂದರೆ ಹೊಟ್ಟೆ ಉರಿಯುವುದಿಲ್ಲವೇ?

ಆ ದಿನ ಬೆಳಿಗ್ಗೆ ವ್ಯಾನಿನ ಬ್ರೇಕು ಹಿಡಿಯುತ್ತಿಲ್ಲವೆಂದು ನೀನು ಗೋದಾಮಿನ ಮೇಸ್ತ್ರಿಗೆ ಹೇಳಿದ್ದೆ. “ಓಡ್ಸೋಕಾದ್ರೆ ಓಡ್ಸು, ಇಲ್ಲಾಂದ್ರೆ ಕೀ ಕೊಟ್ಟು ಮನೆಗೆ ಹೋಗು” ಎಂದಿದ್ದನಂತೆ ಆ ಪುಣ್ಯಾತ್ಮ. ಇದು ನಿನಗೆ ಗೊತ್ತಿತ್ತು, ನೀನು ಹೇಳಿದ್ದರಿಂದ ನನಗೆ ಗೊತ್ತಿತ್ತು, ನಿನಗೆ ಸಿಕ್ಕ ಆ ಎಳೆ ವಕೀಲರಿಗೂ ಗೊತ್ತಿತ್ತು. ಒಂದೇ ಗೋಡೆಯ ಆಚೆ ಮಲಗುತ್ತಿದ್ದ ನಿಮ್ಮಪ್ಪನಿಗೆ ಮಾತ್ರ ಗೊತ್ತಿರಲಿಲ್ಲ.

ವಿಚಾರಣೆಯ ದಿನ ಅವರು ಬಂದಿದ್ದರು. ಕರಿ ಕೋಟು ಹಾಕದೆ, ಬಿಳಿ ಅಂಗಿಯಲ್ಲಿ, ಕಡೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದರು. ವ್ಯಾನು ಸರಿಯಾಗೇ ಇತ್ತು ಎಂದು ಮೇಸ್ತ್ರಿ ನಿನಗಿಂತ ಮುಂಚೆಯೇ ಹೇಳಿ ಹೋಗಿದ್ದ. ಅಷ್ಟು ಹೊತ್ತಿಗೆ ರಿಪೇರಿಯೂ ಆಗಿತ್ತಲ್ಲ! ಆಮೇಲೆ ನೀನು ಕಟಕಟೆ ಹತ್ತಿದೆ. ಊಟದ ಮೇಜಿನ ಮುಂದೆ ನಿಲ್ಲುತ್ತಿದ್ದ ಹಾಗೇ ಎದೆ ಸೆಟೆದು ನಿಂತೆ. ಸರ್ಕಾರದ ಕಡೆಯ ವಕೀಲರು ಕೇಳಿದರು.

“ವ್ಯಾನು ಓಡಿಸ್ತಿದ್ದವರು ನೀವೇನಾ?”

“ಹೌದು.”

“ಆ ವ್ಯಾನು ಬಡಿದೇ ಅವರ ಕಾಲು ಹೋಯ್ತಾ?”

“ಹೌದು.”

“ಹಿಂದೆ ಜನ ಇದ್ದಾರೆ ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

ಅಷ್ಟೇ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ಆಮೇಲೆ ನಿನ್ನ ವಕೀಲರ ಸರದಿ. ಪಾಪ, ಅದೇ ಅವರ ಮೊದಲನೆಯ ಕೇಸಂತೆ. ಬ್ರೇಕಿನ ವಿಷಯ ಖಂಡಿತ ಕೇಳುತ್ತೇನೆ ಎಂದು ನನಗೆ ಬೆಳಿಗ್ಗೆ ಹೇಳಿದ್ದರು. ಎದ್ದು ನಿಂತರು, ಹೆಸರು ಕೇಳಿದರು, ವಯಸ್ಸು ಕೇಳಿದರು, ಜಡ್ಜ್ ಒಮ್ಮೆ ಗಡಿಯಾರ ನೋಡಿದರು. ಅಷ್ಟಕ್ಕೇ ಆ ಎಳೆ ವಕೀಲರು ಹೆದರಿ, “ಇನ್ನೇನೂ ಪ್ರಶ್ನೆ ಇಲ್ಲ” ಎಂದು ಕೂತುಬಿಟ್ಟರು.

ನೀನು ಇಳಿಯಲಿಲ್ಲ. ಬಾಯಿ ಅರ್ಧ ತೆರೆದುಕೊಂಡು ಕಡೆಯ ಬೆಂಚಿನ ಕಡೆ ನೋಡಿದೆ. ಒಂದು ಪ್ರಶ್ನೆಗಾಗಿ ಕಾಯುತ್ತಾ ನಿಂತಿದ್ದೆ. ‘ಹೇಳೋ, ನೀನೇ ಹೇಳಿಬಿಡೋ’ ಎಂದು ನಾನು ಒಳಗೊಳಗೇ ಕಿರುಚಿಕೊಂಡೆ. ಹೇಳಲಿಲ್ಲ ನೀನು. ಯಾರೂ ಕೇಳಿರಲಿಲ್ಲವಲ್ಲ. ನಿಮ್ಮಪ್ಪ ನಿನ್ನ ಮುಖ ನೋಡಿದರು. ಜೀವನವಿಡೀ ಸಾಕ್ಷಿಗಳ ಮುಖ ಓದಿದವರು, ಇವನ ಹೊಟ್ಟೆಯಲ್ಲಿ ಇನ್ನೂ ಏನೋ ಇದೆ ಎಂದು ಅವರಿಗೆ ತಿಳಿಯದೇ ಇರುತ್ತದೆಯೇ? ಮುಂದಿನ ಬೆಂಚಿನ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕೈಯ ನರಗಳು ಎದ್ದು ನಿಂತವು. ಅವರು ಮಾತ್ರ ಏಳಲಿಲ್ಲ.

ಮುಂದಿನದು ನಿನಗೆ ನಾನು ಹೇಳಬೇಕಾಗಿಲ್ಲ. ವರ್ಷದ ಮೇಲೆ ನೀನು ಒಳಗಿದ್ದೆ. ಮೊದಲನೆಯ ಭೇಟಿಯಲ್ಲೇ ನನ್ನಿಂದ ಆಣೆ ಹಾಕಿಸಿಕೊಂಡೆ. “ಬ್ರೇಕಿನ ವಿಷಯ ಅಪ್ಪನಿಗೆ ಹೇಳಬೇಡ. ಕೇಳಬೇಕಾದಾಗ ಕೇಳ್ಲಿಲ್ಲ, ಈಗ ಗೊತ್ತಾಗಿ ಏನು ಮಾಡ್ತಾರೆ?” ನಾನು ಆ ಮಾತು ಉಳಿಸಿಕೊಂಡೆ. ಆದರೆ ನಿನಗೆ ಗೊತ್ತಿಲ್ಲದ್ದು ಒಂದಿದೆ. ನಾನು ಬಂದ ಪ್ರತಿ ಸಲವೂ ಅವರು ನನ್ನ ಜೊತೆ ಬರುತ್ತಿದ್ದರು. ಅವರನ್ನು ನೋಡುವುದಿಲ್ಲ ಎಂದು ನೀನು ಹೇಳಿ ಕಳಿಸಿದ್ದೆಯಲ್ಲ, ಅದಕ್ಕೆ ಗೇಟಿನಾಚೆ, ಕೈದಿಗಳ ಮನೆಯವರು ಕೂರುವ ಬೆಂಚಿನಲ್ಲಿ ಕೂತಿರುತ್ತಿದ್ದರು. ಅಲ್ಲೂ ಸುಮ್ಮನಿರುತ್ತಿರಲಿಲ್ಲ, ಪಕ್ಕದವರ ಅರ್ಜಿ ಬರೆದುಕೊಡುತ್ತಿದ್ದರು. ನಾನು ಹೊರಗೆ ಬಂದಾಗ ಮಾತ್ರ ಎದ್ದು ನಿಂತು, “ಊಟ ಸರಿಯಾಗಿ ಮಾಡ್ತಿದ್ದಾನಾ?” ಎನ್ನುವರು. ಅದೊಂದೇ ಪ್ರಶ್ನೆ. ಊಟದ ಮೇಜಿನ ಕೋರ್ಟು ಅಲ್ಲಿಗೆ ಮುಗಿಯಿತು. ಸ್ಟೂಲನ್ನು ಎತ್ತಿ ಮಹಡಿಗೆ ಹಾಕಿದೆ.

ನೀನು ಹೊರಗೆ ಬಂದವನು ಮನೆಗೆ ಬರಲಿಲ್ಲ, ಬೇರೆ ಊರಿಗೇ ಹೋದೆ. ಅವರು ಕೆಲಸಕ್ಕೆ ಹೋದರು, ವಾಚು ಬಿಚ್ಚಿದರು, ಜನರ ಕಥೆ ಕೇಳಿದರು, ಸಂಜೆ ಬಂದು ನನ್ನ ಬಟ್ಟೆಗೂ ಇಸ್ತ್ರಿ ಹಾಕಿಟ್ಟರು. ಅಂಥವರ ಮೇಲೆ ಸಿಟ್ಟು ಮಾಡಿಕೊಂಡಿರುವುದು ಎಷ್ಟು ಕಷ್ಟ ಗೊತ್ತಾ? ಆದರೂ ಬಿಡಲಿಲ್ಲ, ಮಾಡಿಕೊಂಡೇ ಇದ್ದೆ.

ಮರೆವಿನ ಕಾಯಿಲೆ ಶುರುವಾದದ್ದು ನಿವೃತ್ತಿಯಾದ ಮೇಲೆ. ಮೊದಮೊದಲು ತಮಾಷೆಯಾಗೇ ಇತ್ತು. ಹಾಲು ಹಾಕುವವನನ್ನು ಬಾಗಿಲಲ್ಲಿ ನಿಲ್ಲಿಸಿ, “ನಿನ್ನೆ ನೀನು ಎಲ್ಲಿದ್ದೆ? ನೋಡಿದವರು ಯಾರು?” ಎಂದು ಕೇಳಿದ್ದರು. ಅವನು ಹೆದರಿ ಎರಡು ದಿನ ಬರಲಿಲ್ಲ. ಒಂದು ಸಲ ನನ್ನನ್ನೇ, “ನೀವು ಈ ಮನೆಯವರು ಅನ್ನೋದಕ್ಕೆ ಏನು ಆಧಾರ?” ಎಂದರು. “ಇಷ್ಟು ವರ್ಷ ನಿಮ್ಮ ಗೊರಕೆ ಕೇಳಿದ್ದೀನಿ, ಅದೇ ಆಧಾರ” ಎಂದೆ. “ಅದು ಸಾಲದು” ಎಂದು ತಲೆಯಾಡಿಸಿದರು. ನಿನ್ನ ತಂಗಿ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ಆ ನೀರು ನಿಲ್ಲಲಿಲ್ಲ.

ಕಡೆಕಡೆಗೆ ಮಕ್ಕಳಿದ್ದಾರೆ ಎನ್ನುವುದೇ ಅವರಿಗೆ ನೆನಪಿರಲಿಲ್ಲ. ಆಗ ನಿನಗೆ ಫೋನು ಮಾಡಿ ಬಾ ಎಂದೆ. “ಅವರೇ ಕರೆದ್ರೆ ಬರ್ತೀನಿ” ಎಂದೆ ನೀನು. ನಿನ್ನ ಕಡೆಯ ನ್ಯಾಯವನ್ನೂ ನಾನು ಅಲ್ಲಗಳೆಯುವುದಿಲ್ಲ.

ಅವರು ಹೋದ ದಿನ ಆ ಮೂಟೆ ಹೊರುತ್ತಿದ್ದವನೂ ಬಂದಿದ್ದ, ಊರುಗೋಲು ಊರಿಕೊಂಡು, ಹೆಂಡತಿಯ ಜೊತೆ. ಹೊರಡುವಾಗ ನನ್ನ ಹತ್ತಿರ ಬಂದು, “ನಿಮ್ಮ ಮಗ ಬಂದಿಲ್ವಾ ಅಮ್ಮ?” ಎಂದು ಕೇಳಿದ. ಇಲ್ಲವೆಂದೆ. “ಸಿಕ್ಕಿದ್ರೆ ಹೇಳಿ, ಅವರ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಈಗಿಲ್ಲ” ಎಂದ. ಹೇಳಿದ್ದೇನೆ, ನನ್ನ ಜವಾಬ್ದಾರಿ ಮುಗಿಯಿತು.

ಫೋಟೋ ಹಾಕುವ ದಿನ ಈ ತಿಂಗಳ ಕಡೆಯ ಶನಿವಾರ. ಬಾ ಎಂದು ನಾನು ಕರೆಯುವುದಿಲ್ಲ. ಕರೆಸಿಕೊಂಡು ಬಂದವನ ಹಾಗೆ ನೀನು ಮೂಲೆಯಲ್ಲಿ ನಿಲ್ಲುವುದು ನನಗೂ ಬೇಡ. ಬಂದರೆ ನಲ್ಲಿ ರಿಪೇರಿ ಮಾಡಿಕೊಟ್ಟು ಹೋಗು, ಬರದಿದ್ದರೆ ಹೊತ್ತಿಗೆ ಸರಿಯಾಗಿ ಊಟ ಮಾಡು. ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುವಾಗ ಎಚ್ಚರ. ನಿನ್ನ ಕೈಗೆ ನೋವು ಬಾರದಿರಲಿ, ನಿನ್ನ ಮನಸ್ಸು ಸ್ವಲ್ಪ ಹಗುರವಾಗಲಿ, ಹೆತ್ತವಳು ಕೇಳಿಕೊಳ್ಳುವುದು ಇಷ್ಟೇ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದೇನೂ ಅಲ್ಲ. ಹೇಳಲು ಧೈರ್ಯ ಸಾಲದೆ ಸಹಿ ಹಾಕಿಬಿಟ್ಟಿದ್ದೆ.

ಅವರು ಹೋದ ದಿನ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು. “ಕೊನೇಲಿ ನನ್ನನ್ನ ಕೇಳಿದ್ರಾ?” ನಾನು ಇಲ್ಲವೆಂದೆ. ಅದು ನಿಜ. ನಿನ್ನ ಹೆಸರು ಅವರ ಬಾಯಲ್ಲಿ ಬರಲಿಲ್ಲ. ನಾನೂ ಅದೇ ಮನೆಯವಳು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆ. ನೀನು ಕೇಳದೇ ಇದ್ದದ್ದನ್ನು ಈಗ ಹೇಳುತ್ತೇನೆ.

ಒಂದು ಬೆಳಿಗ್ಗೆ ಅವರಿಗೆ ಚಹಾ ತಂದು ಎದುರಿನ ಕುರ್ಚಿಯಲ್ಲಿ ಕೂತೆ. ಅವರು ನನ್ನ ಮುಖ ನೋಡಿದರು. ನಿಧಾನವಾಗಿ ವಾಚು ಬಿಚ್ಚಿ, ಮಂಚದ ಪಕ್ಕದ ಡ್ರಾಯರಿನಲ್ಲಿಟ್ಟು ಮುಚ್ಚಿದರು. “ಹೇಳಿ ತಾಯಿ, ನಿಧಾನಕ್ಕೆ ಹೇಳಿ” ಎಂದರು. ನನ್ನನ್ನು ಬೆಂಚಿನಿಂದ ಎದ್ದು ಬಂದವಳೆಂದುಕೊಂಡಿದ್ದರು.

ಏನು ತೋಚಿತೋ ಗೊತ್ತಿಲ್ಲ ಮರಿ, “ನನ್ನ ಮಗನ್ನ ಹಿಡ್ಕೊಂಡು ಹೋಗಿದ್ದಾರೆ ಸಾರ್” ಎಂದುಬಿಟ್ಟೆ. ಶುರುವಾದದ್ದು ನಿಲ್ಲಲಿಲ್ಲ. ವ್ಯಾನು, ಇಳಿಜಾರು, ಆ ಬಡಪಾಯಿಯ ಕಾಲು, ಎಲ್ಲ ಹೇಳಿದೆ. ಬ್ರೇಕಿನ ವಿಷಯವನ್ನೂ ಹೇಳಿದೆ. ನಿನ್ನ ಆಣೆ ಮುರಿಯಲಿಲ್ಲ ನಾನು. ನಿಮ್ಮಪ್ಪನಿಗೆ ಹೇಳಲಿಲ್ಲ, ವಕೀಲರಿಗೆ ಹೇಳಿದೆ.

ಬ್ರೇಕು ಎಂದ ಕೂಡಲೇ ಬೆರಳೆತ್ತಿದರು. “ತಡೀರಿ. ಇದನ್ನ ಕೋರ್ಟಲ್ಲಿ ಯಾರೂ ಕೇಳ್ಲಿಲ್ವಾ?”

“ಇಲ್ಲ ಸಾರ್.”

“ಹುಡುಗ ತಾನಾಗೇ ಹೇಳ್ಲಿಲ್ವಾ?”

“ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು ಅಂತ ಅವನ ತಂದೆ ಕಲಿಸಿದ್ರು ಸಾರ್.”

ಎತ್ತಿದ ಬೆರಳು ಇಳಿಸಿದರು. “ತಂದೆ ಎಲ್ಲಿ?” ಎಂದರು.

“ಕೋರ್ಟಿಗೆ ಬಂದಿದ್ರು. ಕಡೇ ಬೆಂಚಲ್ಲಿ ಕೂತಿದ್ರು.”

“ಕೂತೇ ಇದ್ರಾ?”

“ಕೂತೇ ಇದ್ರು ಸಾರ್.”

ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದೇ ಕಾಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಅವರು ಬೈಯಲಿಲ್ಲ. “ಅವರನ್ನೂ ಒಂದ್ಸಲ ಕರ್ಕೊಂಡು ಬನ್ನಿ ತಾಯಿ. ಅಂಥವರು ಯಾರ ಹತ್ರಾನೂ ಹೇಳಿಕೊಳ್ಳಲ್ಲ, ಒಳಗೊಳಗೇ ಸಾಯ್ತಿರ್ತಾರೆ” ಎಂದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, “ಹುಡುಗನ್ನ ಕಳ್ಸಿ. ಈ ಕೇಸು ನಾನು ತಗೋತೀನಿ. ನಾನು ನಿಲ್ತೀನಿ ಅವನ ಪರ” ಎಂದರು.

ಮಾರನೆಯ ದಿನ ಅದೆಲ್ಲ ಅಳಿಸಿ ಹೋಗಿತ್ತು. ನಾನು ಮತ್ತೆ ಹೇಳಿದೆ. ಅದರ ಮಾರನೆಯ ದಿನವೂ ಹೇಳಿದೆ. ದಿನಾ ಹೊಸ ಕೇಸು, ದಿನಾ ವಾಚು ಬಿಚ್ಚುವುದು, ದಿನಾ ಬೆರಳೆತ್ತುವುದು. ಅಷ್ಟು ದಿನಗಳಲ್ಲಿ ಒಂದು ದಿನವಾದರೂ ಇಲ್ಲ ಎನ್ನಲಿಲ್ಲ ಮರಿ. ಪ್ರತಿ ಸಲವೂ ನಿನ್ನ ಕೇಸು ಒಪ್ಪಿಕೊಂಡರು.

ನಿನಗೆ ಆಗಲೇ ಯಾಕೆ ಹೇಳಲಿಲ್ಲವೆಂದು ಕೇಳುತ್ತೀಯಾ. ಅವರೇ ಕರೆದರೆ ಬರುತ್ತೇನೆ ಎಂದಿದ್ದೆ. ಅವರು ಕರೆಯುತ್ತಿದ್ದದ್ದು ನಿನ್ನನ್ನೋ, ಆ ತಾಯಿಯ ಮಗನನ್ನೋ, ನನಗೆ ತೀರ್ಮಾನ ಮಾಡಲಾಗಲಿಲ್ಲ. ಸುಳ್ಳು ಸಾಕ್ಷಿ ಹೇಳಿದ ಹಾಗಾಗುತ್ತದೆಂದು ಹೆದರಿದೆ. ನಮ್ಮ ಮನೆಯ ಸತ್ಯಕ್ಕಿಷ್ಟು ಬೆಂಕಿ ಹಾಕ!

ಕಡೆಯ ವಾರ ಬೇರೆ ಮಾತೆಲ್ಲ ನಿಂತೇ ಹೋಗಿತ್ತು. ವಾಚು ಕಟ್ಟಲು ನಾನು ಹೋದರೆ ಬಿಡುತ್ತಿರಲಿಲ್ಲ, ಅದು ಇನ್ನೂ ಡ್ರಾಯರಿನಲ್ಲೇ ಇದೆ, ನಾನು ತೆಗೆದಿಲ್ಲ. ಬಾಗಿಲು ಸದ್ದಾದಾಗಲೆಲ್ಲ ಕಣ್ಣು ತೆರೆದು ಆ ಕಡೆ ನೋಡುವರು. ನೋಡಿ, ನನ್ನ ಕಡೆ ತಿರುಗಿ, ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಕೇಳುವರು.

“ಹುಡುಗ ಬಂದ್ನಾ ತಾಯಿ?”

“ದಾರೀಲಿದ್ದಾನೆ ಸಾರ್” ಎನ್ನುತ್ತಿದ್ದೆ.